ದೀರ್ಘವಾಗಿ ಆಲೋಚಿಸಿ

ಗುರುವಾರ, ಬೆಳಿಗ್ಗೆ

ಹಿರಿಯ ಮಗಳಾದ ನಿನಗೆ ತಂದೆಯು ಆಶೀರ್ವಾದಪೂರ್ವಕವಾಗಿ ನಿವೇದಿಸುವುದೇನೆಂದರೆ:

೧. ನಿನ್ನ ತಂಗಿಯ ಮೇಲಿನ ಕೊಲೆ ಮೊಕದ್ದಮೆಯ ವಿಚಾರಣೆ ಮುಗಿದಿರುತ್ತದೆ.

೨. ಬಿಟ್ಟುಹೋಗಿದ್ದ ಗಂಡನು ಆಕೆಯ ಇಸ್ತ್ರಿ ಅಂಗಡಿಗೆ ನುಗ್ಗಿ ಕತ್ತು ಹಿಸುಕಿದಾಗ ಆಕೆ ಇಸ್ತ್ರಿಪೆಟ್ಟಿಗೆಯಿಂದ ಹೊಡೆದದ್ದೂ, ಆತ ಸತ್ತದ್ದೂ ನಿನಗೆ ತಿಳಿದ ಸಂಗತಿ.

೩. ನಿನಗೆ ಆಸ್ಪತ್ರೆಯಲ್ಲಿ ರಜೆ ದೊರೆಯದ ಕಾರಣ, ಬೇರೆಯವರ ಬಾಯಿಂದ ನಿನ್ನ ಕಿವಿಗೆ ಬೀಳುವ ಮೊದಲೇ, ವಿಚಾರಣೆಯನ್ನು ಕಣ್ಣಾರೆ ಕಂಡ ನಾನು ಬರೆಯುತ್ತಿದ್ದೇನೆ.

ಪೊಲೀಸರಿಗೆ ಆಕೆ ಕೊಟ್ಟ ಹೇಳಿಕೆಯನ್ನು ಬರೆದವನು ನಾನು. ಸಹಿಯಷ್ಟೇ ಆಕೆಯದು. "ದೀರ್ಘವಾಗಿ ಆಲೋಚಿಸಿ, ಅನ್ಯ ಮಾರ್ಗವಿಲ್ಲವೆಂದು ನಿಶ್ಚಯಿಸಿ, ಸದರಿ ಇಸ್ತ್ರಿಪೆಟ್ಟಿಗೆಯನ್ನು ಎತ್ತಿದೆನು" ಎಂಬ ವಾಕ್ಯವನ್ನು ಸರ್ಕಾರಿ ವಕೀಲರು ಗಟ್ಟಿಯಾಗಿ ಓದಿದಾಗ ನಾನು ಬೆಂಚಿನ ಮೇಲೆ ನೆಟ್ಟಗೆ ಕುಳಿತೆ. ನನ್ನ ವಾಕ್ಯ ಅಷ್ಟು ದೊಡ್ಡ ಕೋಣೆಯಲ್ಲಿ ಎಂದೂ ಮೊಳಗಿರಲಿಲ್ಲ. ಮರುಕ್ಷಣವೇ ಅವರು, "ಕತ್ತು ಹಿಸುಕ್ತಿರೋವಾಗ ಯಾರಮ್ಮ ದೀರ್ಘವಾಗಿ ಆಲೋಚನೆ ಮಾಡ್ತಾರೆ? ಮೊದಲೇ ಲೆಕ್ಕ ಹಾಕಿಟ್ಟಿದ್ದೆ ಅಲ್ವಾ?" ಎಂದು ನಿನ್ನ ತಂಗಿಯನ್ನು ಕೇಳಿದರು.

ಈ ಮಾತು ನಿನ್ನದೇ ತಾನೇ ಎಂದಾಗ ಆಕೆ ಒಮ್ಮೆ ನನ್ನ ಕಡೆ ನೋಡಿ, "ಹೂಂ, ನಂದೇ" ಎಂದಳು. ಅಪ್ಪನ ಮರ್ಯಾದೆ ಕಾಯಲು ಜೈಲಿಗೂ ಸಿದ್ಧಳಾದಳು. ಅಂದು ನಾನು ಬಾಯಿ ಬಿಡದೆ ಮನೆಗೆ ಬಂದೆ.

ಮರುದಿನ ನಮ್ಮ ವಕೀಲರಮ್ಮ ನ್ಯಾಯಾಲಯದ ಮೆಟ್ಟಿಲ ಬಳಿಯೇ ನನ್ನನ್ನು ತಡೆದು, "ಯಜಮಾನ್ರೇ, ಇಸ್ತ್ರಿ ಮಾಡೋ ಹುಡುಗಿ 'ಸದರಿ' ಅಂತಾಳಾ? ಒಳಗೆ ಬಂದು ನಿಜ ಹೇಳ್ತೀರೋ, ಮಗಳನ್ನ ಜೈಲಿಗೆ ಕಳಿಸ್ತೀರೋ?" ಎಂದರು.

ಸಾಕ್ಷಿಕಟ್ಟೆ ಹತ್ತಿದೆ. ಹಳೆಯ ಅರ್ಜಿಗಳನ್ನು ನಕಲು ಮಾಡಿ ಕಲಿತ ಶೈಲಿ ಅದು, ಮಗಳ ಮಾತಲ್ಲ ಎಂದೆ. ಮಗಳನ್ನು ಉಳಿಸಲು ಅಪ್ಪ ಕಟ್ಟಿದ ಕಥೆಯೆಂದು ಸರ್ಕಾರಿ ವಕೀಲರು ತಳ್ಳಿಹಾಕಿದರು. ಆಗ ವಕೀಲರಮ್ಮ, ನೆರೆಯವರಿಗೆ ನಾನು ಬರೆದುಕೊಟ್ಟಿದ್ದ ಅರ್ಜಿಗಳನ್ನು ಮುಂದಿಟ್ಟರು. ನಲ್ಲಿ ಸೋರುವ ಬಗ್ಗೆ: ದೀರ್ಘವಾಗಿ ಆಲೋಚಿಸಿ. ಪಕ್ಕದ ಮನೆಯ ನಾಯಿ ಬೊಗಳುವ ಬಗ್ಗೆ: ಅನ್ಯ ಮಾರ್ಗವಿಲ್ಲವೆಂದು ನಿಶ್ಚಯಿಸಿ. ಕೋಣೆಗೆ ಕೋಣೆಯೇ ನಕ್ಕಿತು. ನಿನ್ನ ತಂಗಿಯೊಬ್ಬಳು ನಗಲಿಲ್ಲ.

ನ್ಯಾಯಾಧೀಶರು ಸದ್ದಡಗಿಸಿ, "ಹಿರಿಯರೇ, ಆವತ್ತು ಅವಳು ನಿಮಗೆ ಏನಂದ್ಲು? ಅಂದ ಹಾಗೇ ಹೇಳಿ" ಎಂದರು.

"'ಅಪ್ಪಾ, ಉಸಿರೇ ಬರ್ಲಿಲ್ಲ. ಕೈಗೆ ಸಿಕ್ಕಿದ್ರಲ್ಲಿ ಹೊಡ್ದೆ' ಅಂದ್ಲು ಸ್ವಾಮಿ" ಎಂದೆ. ಅದಕ್ಕೆ ಸೇರಿಸಲು ನನ್ನಲ್ಲಿ ಒಂದು ಪದವೂ ಇರಲಿಲ್ಲ.

ಕತ್ತಿನ ಮೇಲಿನ ಬೆರಳ ಗುರುತುಗಳ ಬಗ್ಗೆ ವೈದ್ಯರು ಮೊದಲೇ ಹೇಳಿದ್ದರು. ಎರಡೂ ತಾಳೆಯಾದವು. ಪ್ರಾಣ ಉಳಿಸಿಕೊಳ್ಳಲು ಹೊಡೆದದ್ದೆಂದು ಒಪ್ಪಿ ನ್ಯಾಯಾಲಯವು ನಿನ್ನೆ ಆಕೆಯನ್ನು ಬಿಡುಗಡೆ ಮಾಡಿತು. ಬೀದಿಯ ಜನ ಈಗ ನನ್ನನ್ನು "ದೀರ್ಘಾಲೋಚನೆ ತಾತ" ಎನ್ನುತ್ತಾರೆ. ಅನ್ನಲಿ.

ಇತಿ,
ನಿನ್ನ ತಂದೆ
(ಸಹಿ)

ಮತ್ತೊಂದು ಮಾತು: ಆ ಅಂಗಡಿಗೆ ಆಕೆ ಮತ್ತೆ ಕಾಲಿಡಲಾರಳು. ನಿಮ್ಮ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕಡೆ ಕೆಲಸವಿದೆಯೆಂದು ಕೇಳಿ ಅರ್ಜಿ ಹಾಕಬೇಕೆಂದಳು. ನಾನು ಪೆನ್ನು ಮುಟ್ಟಲಿಲ್ಲ. "ನೀವೇ ಬರೀರಿ ಅಪ್ಪಾ, ನಾನು ಹೇಳ್ತೀನಿ" ಎಂದು ಆಕೆಯೇ ನನ್ನ ಕೈಗಿತ್ತಳು. ಹೇಳಿದಷ್ಟೇ ಬರೆದಿದ್ದೇನೆ.

ಲಗತ್ತು: ಅರ್ಜಿ, ಒಂದು. ಮೂರು ಸಾಲು.