ನನ್ನದಲ್ಲದ ಮಂಡಿನೋವು

ರೀ,

ಉಣ್ಣೆಯ ಕಾಲುಚೀಲ ಮಡಿಸುತ್ತಿದ್ದಾಗ ನಾಳೆಯ ಚಾರಣದ ಗೈಡ್ ಫೋನ್ ಮಾಡಿದ. "ಅಕ್ಕಾ, ನಿಮಗೆ ಮಂಡಿನೋವಂತೆ, ಯಜಮಾನರು ಹೇಳಿದರು. ಇಬ್ಬರನ್ನೂ ಶಿಖರದ ದಾರಿ ಬಿಡಿಸಿ ಕಣಿವೆ ದಾರಿಗೆ ಹಾಕಿದ್ದೀನಿ" ಅಂದ.

ಹಿಮ ಮೆಟ್ಟಿ ತುದಿ ಮುಟ್ಟಬೇಕೆಂದು ವರ್ಷವಿಡೀ ಮಹಡಿ ಮೆಟ್ಟಿಲು ಹತ್ತಿ ಇಳಿದವಳು ನಾನು. ದಿನಾ ಸಂಜೆ ನಿಮ್ಮ ಮಂಡಿಗೆ ಎಣ್ಣೆ ತಿಕ್ಕಿದವಳೂ ನಾನೇ. ಈ ನೋವಲ್ಲಿ ಶಿಖರ ಹತ್ತಲಾರೆ ಅಂತ ನನಗೊಂದು ಮಾತು ಹೇಳಿದ್ದರೆ ಸಾಕಿತ್ತು. ನಿಮ್ಮ ಮಂಡಿನೋವನ್ನು ನನ್ನ ತಲೆಗೆ ಕಟ್ಟಿದಿರಲ್ಲ!

ಹಾಲು ಕಾಯಿಸಿಟ್ಟಿದ್ದೀನಿ. ಮಂಡಿಪಟ್ಟಿ ಹಗ್ಗದ ಮೇಲಿದೆ, ಒದ್ದೆ ಇದ್ದರೆ ಕಟ್ಟಿಕೊಳ್ಳಬೇಡಿ. ಕಣಿವೆಯವರ ಬಸ್ಸು ನಾಳೆ ಹತ್ತಕ್ಕೆ.

ಶಿಖರದವರ ಬಸ್ಸು ಇವತ್ತು ರಾತ್ರಿಯೇ; ನಾನು ಈಗಲೇ ಅವರ ಜೊತೆ ಹೊರಟೆ. ನನಗೇನೂ ನೋವಿಲ್ಲ ಅಂತಷ್ಟೇ ಗೈಡಿಗೆ ಹೇಳಿದ್ದೀನಿ. ನೋವು ಯಾರದೆಂದು ಬಾಯಿ ಬಿಟ್ಟಿಲ್ಲ. ನಿಮ್ಮ ಮರ್ಯಾದೆ ಕಾಯೋದು ಇದೇ ಕೊನೆ ಸಲ.