ದೊರೆಗೆ ಸ್ನಾನ ತಪ್ಪಿದ ಸಂಗತಿ

ಕಲ್ಯಾಣದುರ್ಗ,
ಸೋಮವಾರ, ಪೂಜೆ ಮುಗಿದ ಮೇಲೆ

ಚಿ. ಸೌ. ತಂಗಿ ಭ್ರಮರಾಂಬಳಿಗೆ ಅಕ್ಕ ವೀರಭದ್ರಮ್ಮನ ಆಶೀರ್ವಾದ.

ಇಲ್ಲಿ ನಾನೂ ನಿನ್ನ ಭಾವನವರೂ ಶಿವನ ದಯದಿಂದ ಚೆನ್ನಾಗಿದ್ದೇವೆ. ಆದರೆ ನೀನು ಈ ಕಾಗದ ಬಿಚ್ಚಿದ ಕೂಡಲೇ ನಮ್ಮ ಸಾಲನ್ನು ಹಾರಿ, ದೊರೆಯ ಹೆಸರು ಎಲ್ಲಿದೆ ಎಂದು ಹುಡುಕುವವಳು. ಅದಕ್ಕೇ ಮೊದಲೇ ಬರೆದುಬಿಡುತ್ತೇನೆ. ನಿನ್ನ ನಾಯಿ ಬದುಕಿದೆ, ಗಟ್ಟಿಮುಟ್ಟಾಗಿದೆ, ಹೊಟ್ಟೆ ತುಂಬ ತಿನ್ನುತ್ತಿದೆ. ಏನು ತಿನ್ನುತ್ತಿದೆ ಎಂದು ನಾನು ಕೇಳಲಿಲ್ಲ, ನೀನೂ ಕೇಳಬೇಡ. ಇನ್ನು ಸಮಾಧಾನವಾಗಿ ಕೂತು ಓದು.

ನಿಮ್ಮ ಬೆಲ್ಲದ ಮಂಡಿಯ ಗುಮಾಸ್ತ ಆಂಜಿನಪ್ಪ ಅವನನ್ನು ಹಿಂದೂಪುರದಿಂದ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸಿನಲ್ಲಿ ಕರೆದುಕೊಂಡು ಬಂದು ಇಳಿದಾಗ ಇಬ್ಬರ ಮುಖವೂ ಮಸಿ. ಯಾರು ಯಾರನ್ನು ಕರೆತಂದರೆಂದು ಹೇಳುವ ಹಾಗಿರಲಿಲ್ಲ. ಆಂಜಿನಪ್ಪ ನೀರು ಕುಡಿದು, ಎರಡು ಮಾತು ಒಪ್ಪಿಸಿದ. ಒಂದು ನಿಮ್ಮ ಯಜಮಾನರದು. ಈ ನಾಯಿ ಮಂಡಿಗೆ ನುಗ್ಗಿ ಬೆಲ್ಲದ ಅಚ್ಚು ನೆಕ್ಕಿದ್ದನ್ನು ಗಿರಾಕಿಗಳು ಕಣ್ಣಾರೆ ಕಂಡಿದ್ದಾರೆ. ಇನ್ನು ಹಿಂದೂಪುರಕ್ಕೆ ವಾಪಸು ಬಂದರೆ ನಾಯಿ ಹಿಡಿಯುವವರ ಗಾಡಿಗೆ ಹಾಕುವುದೇ ಸೈ. ಇನ್ನೊಂದು ನಿನ್ನದು. ಅವನು ಅಕ್ಕಿ ಅನ್ನ ಬಿಟ್ಟು ಬೇರೆ ಕಂಡವನಲ್ಲ, ದಿನಾ ಬಿಸಿನೀರು ಸೀಗೇಕಾಯಿ ತಪ್ಪಿಸಬೇಡ, ಕೊರಗಿದರೆ ತಕ್ಷಣ ಕಳಿಸು, ಯಜಮಾನರ ಹತ್ತಿರ ನಾನು ಜಗಳ ಆಡಿಕೊಳ್ಳುತ್ತೇನೆ ಎಂದು. ಆ ಜಗಳದಲ್ಲಿ ಗೆಲ್ಲುವವರು ಯಾರೆಂದು ನನಗೂ ಗೊತ್ತು, ನಿನಗೂ ಗೊತ್ತು. ನಮ್ಮ ಮನೆಯಲ್ಲೇ ಇರಲಿ ಎಂದರೆ ನಿನ್ನ ಭಾವನವರಿಗೆ ನಾಯಿಕೂದಲು ಸೋಕಿದರೆ ಉಬ್ಬಸ. ನಿಮ್ಮೂರಿನ ಆ ಬಿಳಿಯ ರೈಲ್ವೆ ಗಾರ್ಡು ದೊರೆ ತಾವು ಊರು ಬಿಡುವಾಗ ನಿನ್ನ ಮಡಿಲಿಗೆ ಹಾಕಿದ ಮರಿ. ಅವರ ನೆನಪಿಗೆ ನೀನು ದೊರೆ ಎಂದೇ ಹೆಸರಿಟ್ಟು ಮಗುವಿನಂತೆ ಸಾಕಿದೆ. ಅದನ್ನು ಬೀದಿಗೆ ಬಿಡಲು ನನಗೆ ಕೈ ಬರಲಿಲ್ಲ.

ಆಗ ತೋಚಿದ್ದು ಕುರುಬರ ಬೋರಪ್ಪ. ಕಡಲೆಕಾಯಿ ಕಿತ್ತಾದ ಮೇಲೆ ಪ್ರತಿ ವರ್ಷ ಅವನೂ ಅವನ ಹೆಂಡತಿ ಬೀರಕ್ಕನೂ ಕುರಿಮಂದೆ ಹೊಡೆದುಕೊಂಡು ಬಂದು ನಮ್ಮ ಹೊಲದಲ್ಲಿ ಬಿಡಾರ ಹಾಕುತ್ತಾರೆ. ರಾತ್ರಿ ಕುರಿ ಮಲಗಿದ ಜಾಗವೆಲ್ಲ ಗೊಬ್ಬರವಾಗುತ್ತದೆ. ನಾವು ಅವರಿಗೆ ಊಟ, ಕಾಳು ಕೊಡುತ್ತೇವೆ. ಹೊಲವೆಲ್ಲ ಆದ ಮೇಲೆ ಮುಂದಿನ ಊರಿಗೆ ಹೊರಡುತ್ತಾರೆ. ಈ ಸಲ ಅವರ ಹಳೆಯ ನಾಯಿ ಸತ್ತಿತ್ತು, ಗುಡ್ಡದ ಕಡೆಯಿಂದ ತೋಳದ ಕಾಟವೂ ಇತ್ತು. ದೊರೆಯನ್ನು ಇಟ್ಟುಕೊಳ್ಳುತ್ತೀಯೇನಪ್ಪ ಎಂದು ಕೇಳಿದೆ. ಬೋರಪ್ಪ ಅವನ ಹಲ್ಲು ನೋಡಿದ, ಕಾಲು ನೋಡಿದ, ನೀನು ಕಟ್ಟಿದ್ದ ಕೆಂಪು ರಿಬ್ಬನ್ನನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ.

"ನಾನು ಒಪ್ಪೋದಲ್ಲ ಕಣಮ್ಮ, ಕುರಿ ಒಪ್ಪಬೇಕು. ಮಂದೆ ಎತ್ತೋ ಹೊತ್ತಿಗೆ ಇವನ ಪಕ್ಕದಾಗೆ ಕುರಿ ಮಲಗಿದ್ರೆ ಕರ್ಕಂಡು ಹೋಯ್ತೀನಿ. ಇಲ್ದಿದ್ರೆ ನಿಮ್ಮ ನಾಯಿ ನಿಮಗೆ."

ಮೊದಲ ದಿನದ ವೈಭವ ಕೇಳು. ಬೋರಪ್ಪ ದೊರೆಯ ಕೊರಳಿಗೆ ಹಗ್ಗ ಹಾಕಿ ಮಂದೆಯ ನಡುವೆ ಒಯ್ದ. ಎದುರಿಗೆ ಬಂದದ್ದು ಮಂದೆಯ ದೊಡ್ಡ ಟಗರು. ದೊರೆ ಬೊಗಳಲಿಲ್ಲ, ಹಿಂದೆಯೂ ಸರಿಯಲಿಲ್ಲ. ಅದರ ಮುಂದೆ ಕೂತು, ನೀನು ಕಲಿಸಿದ್ದೀಯಲ್ಲ, ಹಾಗೆ ಬಲಗೈ ಎತ್ತಿ ಕೊಟ್ಟ. ಟಗರಿಗೆ ಈ ಮರ್ಯಾದೆಯೆಲ್ಲ ಎಲ್ಲಿ ಗೊತ್ತು? ನಾಲ್ಕು ಹೆಜ್ಜೆ ಹಿಂದೆ ಹೋಗಿ ಬಂದು ಗುದ್ದಿತು. ದೊರೆ ಅರಚಿದ ಅರಚಿಗೆ ಮಂದೆಗೆ ಮಂದೆಯೇ ಬೆದರಿ, ಪಕ್ಕದ ಕದಿರಪ್ಪನ ಕಣಕ್ಕೆ ನುಗ್ಗಿ ಕಡಲೆಕಾಯಿ ರಾಶಿಗೆ ಬಾಯಿ ಹಾಕಿತು. ದೊರೆ ನನ್ನ ಸೀರೆಯೊಳಗೆ. ಕದಿರಪ್ಪ ಬಾರುಕೋಲು ಹಿಡಿದು ಬಂದವನು ನನ್ನ ಕಾಲ ಬಳಿಯಿಂದ ಹೊರಗೆ ಕಾಣುವ ಬಾಲವನ್ನು ನೋಡಿ ಕೇಳಿದ, "ಏನಕ್ಕೋ, ನಿಮ್ಮ ದೊರೆ ಕುರಿ ಕಾಯಕ್ಕೆ ಬಂದವ್ನೋ, ನನ್ನ ರಾಶಿ ಲೂಟಿ ಹೊಡೆಸಕ್ಕೆ ಬಂದವ್ನೋ?" ಸಂಜೆಯ ಹೊತ್ತಿಗೆ ಈ ಮಾತು ತೆಲುಗಿಗೂ ತಿರುಗಿ, ಕೇರಿಯೆಲ್ಲ ಸುತ್ತಿ ಬಂತು.

ಬೋರಪ್ಪ ಮಾತ್ರ ಕೈಬಿಡಲಿಲ್ಲ. ರಾತ್ರಿ ದೊರೆಯನ್ನು ಮಂದೆಯ ಮಗ್ಗುಲಲ್ಲಿ ತನ್ನ ಹಳೆಯ ಕಂಬಳಿಯ ಮೇಲೆ ಮಲಗಿಸಿದ. ಬೆಳಗಿನ ಜಾವಕ್ಕೆ ಕುರಿಗಳು ಅವನಿಗೆ ಒಂದೇ ಮಾರಿನಷ್ಟು ಹತ್ತಿರ ಮೆಲುಕು ಹಾಕುತ್ತ ಕೂತಿದ್ದವಂತೆ. ಕೆಲಸ ಆಯಿತೆಂದು ನಾವೆಲ್ಲ ಹಿಗ್ಗಿದೆವು. ಬೆಳಿಗ್ಗೆ ದೊರೆ ಹಾಲು ಕುಡಿಯಲು ಮನೆಗೆ ಬರುವನು. ನಾನು ನಿನ್ನ ಮಾತಿನಂತೆ ಬಿಸಿನೀರು ಹುಯ್ದು, ಸೀಗೇಕಾಯಿ ತಿಕ್ಕಿ, ಒರೆಸಿ, ಪೂಜೆ ಮುಗಿದ ಮೇಲೆ ಹಣೆಗೆ ವಿಭೂತಿ ಇಟ್ಟು ಕಳಿಸುವೆನು. ಸಂಜೆ ಮೇವಿನಿಂದ ಬಂದ ಕುರಿಗಳು ಅವನನ್ನು ಕಂಡರೆ ಮತ್ತೆ ಅದೇ ಓಟ, ಅದೇ ಅರಚಾಟ. ದಿನವೂ ಇದೇ. ರಾತ್ರಿ ನೆಂಟಸ್ತನ ಕುದುರುವುದು, ಸಂಜೆಗೆ ಮುರಿದು ಬೀಳುವುದು.

ಇಷ್ಟು ವರ್ಷ ಕುರಿ ಕಾಯ್ದ ಬೋರಪ್ಪನಿಗೂ ತಲೆಕೆಟ್ಟಿತು. ಯಾರದೋ ಕಣ್ಣು ಬಿದ್ದಿದೆ, ನಿಮ್ಮ ಕೈಲಾದದ್ದು ಏನಾದರೂ ಮಾಡಿ ಅಮ್ಮ ಎಂದ. ನಾನು ಬಿಡುತ್ತೇನೆಯೇ? ಅವತ್ತಿನಿಂದ ಸ್ನಾನದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಮೂಗಿನಿಂದ ಬಾಲದವರೆಗೂ ಹೊಗೆ ಕೊಟ್ಟೆ. ವಿಭೂತಿಯನ್ನು ಹಣೆಗಷ್ಟೇ ಅಲ್ಲ, ಎದೆಗೂ ಬೆನ್ನಿಗೂ ಬಳಿದೆ. ಆ ಸಂಜೆ ಕುರಿಗಳು ಅವನು ಕಾಣಿಸಿಕೊಳ್ಳುವುದಕ್ಕೆ ಮೊದಲೇ ಓಡಿದವು. ಕದಿರಪ್ಪ ತನ್ನ ಕಣಕ್ಕೆ ಮುಳ್ಳಿನ ಬೇಲಿ ಹಾಕಿಕೊಂಡ.

ಹೊಲದಲ್ಲಿ ಮಂದೆ ಮಲಗದ ಜಾಗ ಇನ್ನು ಬದುವಿನ ಪಕ್ಕದ, ಐದಾರು ರಾತ್ರಿಗಾಗುವ ಒಂದು ಪಟ್ಟಿ ಮಾತ್ರ ಉಳಿದಿತ್ತು. ಅದು ಮುಗಿದರೆ ಬೋರಪ್ಪ ಹೊರಡುವನು, ದೊರೆ ಹಿಂದೂಪುರದ ಬಸ್ಸು ಹತ್ತುವನು, ಆಮೇಲೆ ಆ ಗಾಡಿ. ಲಿಂಗಪೂಜೆಗೆ ಕೂತರೆ ಕಣ್ಮುಂದೆ ಅದೇ ಬರುತ್ತಿತ್ತು. ಅಂಥ ಹೊತ್ತಿನಲ್ಲೇ ಸೋಮಂದೇಪಲ್ಲಿಯಲ್ಲಿ ನನ್ನ ನಾದಿನಿ ನಿರ್ಮಲಮ್ಮನ ಮೊಮ್ಮಗುವಿನ ತೊಟ್ಟಿಲ ಶಾಸ್ತ್ರ. ಹೋಗದಿದ್ದರೆ ಜನ್ಮವೆಲ್ಲ ಆಡಿಕೊಳ್ಳುತ್ತಾಳೆ ಎಂದು ಹೋದೆ. ನಾಲ್ಕು ದಿನ ಅಲ್ಲೇ ಹಿಡಿದುಕೊಂಡರು.

ವಾಪಸು ಬಂದ ಸಂಜೆ ಮನೆಗೂ ಹೋಗದೆ ಹೊಲಕ್ಕೇ ಹೋದೆ. ದೊರೆ ಮಲಗಿದ್ದ. ಒಂದು ಮುದಿ ಕುರಿ ಅವನ ಬೆನ್ನಿಗೆ ಬೆನ್ನು ಕೊಟ್ಟು ಮಲಗಿತ್ತು. ಒಂದು ಮರಿ ಅವನ ಕುತ್ತಿಗೆಯ ಮೇಲೆ ತಲೆ ಇಟ್ಟಿತ್ತು. ನಿನ್ನ ಕೆಂಪು ರಿಬ್ಬನ್ನನ್ನು ಅರ್ಧ ತಿಂದಿತ್ತು. ಕೈಮುಗಿದು ಹತ್ತಿರ ಹೋದೆ. ತಂಗೀ, ಆ ನಾತ! ಸೆರಗು ತಾನಾಗಿ ಮೂಗಿಗೆ ಹೋಯಿತು. ನಾನಿಲ್ಲದ ನಾಲ್ಕು ದಿನ ಇವನಿಗೆ ಒಂದು ತಂಬಿಗೆ ನೀರು ಹಾಕುವವರೂ ಇಲ್ಲವಾಯಿತೇ ಎಂದು ಮನೆಗೆ ಬಂದು ನಿನ್ನ ಭಾವನವರ ಮೇಲೆ ರೇಗಿದೆ. ಬೆಳಿಗ್ಗೆ ಎದ್ದು ಹಂಡೆ ತುಂಬ ನೀರು ಕಾಯಿಸಿ, ದೊರೆಯನ್ನು ಬಚ್ಚಲಿಗೆ ಎಳೆಯುತ್ತಿರುವಾಗ ಬೀರಕ್ಕ ಮಜ್ಜಿಗೆಗೆ ಬಂದಳು. ದಿನಾ ಹೀಗೆ ತೊಳೆಯುತ್ತೀರಾ ಎಂದು ಕೇಳಿದಳು. ನಾನು ಜಂಬದಿಂದ ಸೀಗೇಕಾಯಿ, ವಿಭೂತಿ, ಸಾಂಬ್ರಾಣಿ ಎಲ್ಲ ಹೇಳಿದೆ. ಅವಳು ಜಗಲಿಯ ಮೇಲೆ ಕುಸಿದು ಕೂತು, ಮಜ್ಜಿಗೆ ಚೆಂಬು ಉರುಳಿದ್ದೂ ತಿಳಿಯದೆ ನಕ್ಕಳು.

"ಅಮ್ಮಾ, ರಾತ್ರಿಯೆಲ್ಲ ನನ್ನ ಗಂಡ ಇವನ್ನ ಕುರಿ ಮಾಡ್ತಾನೆ. ಬೆಳಿಗ್ಗೆ ನೀವು ತಿರುಗಾ ಸಾಮಿ ಮಾಡಿ ಕಳಿಸ್ತೀರ. ಅವು ಮೂಗಿನಾಗೆ ಗುರುತು ಹಿಡಿಯೋವು. ದಿನಾ ಒಬ್ಬ ಹೊಸಬ ಬತ್ತಾನೆ ಅಂತ ಓಡ್ತವೆ, ಇನ್ನೇನ್ ಮಾಡ್ತವೆ?"

ಆಮೇಲೆ ನಗು ನಿಲ್ಲಿಸಿ, ಮೆಲ್ಲಗೆ ಹೇಳಿದಳು. "ನಾಳೆ ಮಂದೆ ಎತ್ತುತೀವಿ. ಈ ನೀರು ಹುಯ್ದ್ರೆ ಮತ್ತೆ ಒಗ್ಗಿಸಕ್ಕೆ ಹೊತ್ತಿಲ್ಲ. ನೋಡ್ಕಳಿ."

ತಂಬಿಗೆ ನನ್ನ ಕೈಯಲ್ಲಿತ್ತು. ದೊರೆ ಅಭ್ಯಾಸದಂತೆ ಕಣ್ಣು ಮುಚ್ಚಿ, ತಲೆ ತಗ್ಗಿಸಿ ನೀರಿಗಾಗಿ ನಿಂತಿದ್ದ. ಸ್ನಾನ ತಪ್ಪಿಸಬೇಡ ಎಂದ ನಿನ್ನ ಮಾತು ಕಿವಿಯಲ್ಲಿತ್ತು. ನಿಜ ಹೇಳುತ್ತೇನೆ, ಹಾಗೆ ನಿಂತ ಜೀವಕ್ಕೆ ನೀರು ಹುಯ್ಯುವುದು ನನಗೂ ರೂಢಿಯಾಗಿ, ಇಷ್ಟವಾಗಿಹೋಗಿತ್ತು. ತಂಬಿಗೆ ಕೆಳಗಿಟ್ಟೆ. ಹೋಗೋ ಎಂದು ಬೆನ್ನ ಮೇಲೆ ತಟ್ಟಿದೆ. ಅವನು ಅರ್ಥವಾಗದೆ ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದ. ಕಾಯಿಸಿದ ನೀರು ದಂಡವಾಗಬಾರದೆಂದು ಅವತ್ತು ನಾನೇ ಎರಡನೇ ಸಲ ಸ್ನಾನ ಮಾಡಿದೆ. ಅವನನ್ನು ಮುಟ್ಟಿದ ಮೇಲೆ ಬೇಕೂ ಆಗಿತ್ತು.

ಮಾರನೆಯ ಬೆಳಿಗ್ಗೆ ಮಂದೆ ಹೊರಟಿತು. ಹೊರಡುವ ಜೀವಕ್ಕೆ ಬರಿಹಣೆ ಬೇಡವೆಂದು, ವಿಭೂತಿ ಇಟ್ಟರೆ ಏನಾದರೂ ಆದೀತೇ ಎಂದು ಬೋರಪ್ಪನನ್ನು ಕೇಳಿದೆ. "ಇಕ್ಕಿ, ಕುರಿಗೂ ಇಕ್ಕಿಬುಡಿ. ಎಲ್ಲಾವೂ ಒಂದೇ ವಾಸನೆ ಆಯ್ತವೆ" ಎಂದ. ಅವನು ತಮಾಷೆಗೆ ಅಂದನೋ ಏನೋ, ನಾನು ಬಟ್ಟಲು ಹಿಡಿದು ಮಂದೆಯೊಳಗೆ ಇಳಿದೇಬಿಟ್ಟೆ. ಆ ಟಗರಿಗೂ ಇಟ್ಟೆ. ಅದು ಗುದ್ದದೆ ಇಡಿಸಿಕೊಂಡಿತು. ಕದಿರಪ್ಪ ಬೇಲಿಯ ಮೇಲಿಂದ ನೋಡುತ್ತಿದ್ದ.

ಬದು ದಾಟುವಾಗ ತಡೆಯಲಾರದೆ ಒಂದು ಸಲ ದೊರೇ ಎಂದು ಕೂಗಿದೆ. ಅವನು ನಿಂತ, ತಿರುಗಿ ನನ್ನನ್ನು ನೋಡಿದ, ನನ್ನ ಕಡೆ ಎರಡು ಹೆಜ್ಜೆ ಬಂದೂ ಬಂದ. ಅಷ್ಟರಲ್ಲಿ ಹಿಂದೆ ಬಿದ್ದಿದ್ದ ಒಂದು ಮರಿ ಕೂಗಿತು. ಅವನು ಅದರ ಕಡೆ ಓಡಿದ. ಮೂಗಿನಿಂದ ತಳ್ಳಿ ತಳ್ಳಿ ಮಂದೆಗೆ ಸೇರಿಸಿದ. ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಇನ್ನೊಂದು ಸಲ ಕೂಗಲಿಲ್ಲ. ಅವನು ಕೊರಗುತ್ತಿಲ್ಲ ತಂಗೀ. ಯಜಮಾನರ ಹತ್ತಿರ ಜಗಳ ಆಡಬೇಡ. ಅಳು ಬಂದರೆ ಅತ್ತುಬಿಡು, ಆಮೇಲೆ ಮುಖ ತೊಳೆದು ದೀಪ ಹಚ್ಚು.

ನಿನ್ನ ಮಡಿಲನ್ನು ಶಿವ ಬೇಗ ತುಂಬಲಿ.

ಇಂತಿ ನಿನ್ನ ಅಕ್ಕ,
ವೀರಭದ್ರಮ್ಮ