ಇಲ್ಲದ ಬೆರಳಿನ ನೋವು

ಅಪ್ಪಾ,

ನಿನ್ನ ಹಿರಿಮಗಳು ಬರೆಯುತ್ತಿದ್ದೇನೆ. ಮೊನ್ನೆ ನಿನ್ನನ್ನು ನೋಡಿದೆ. ನಿನ್ನನ್ನು ಅನ್ನಲೋ, ನಿನ್ನ ಕೈಯನ್ನು ಅನ್ನಲೋ, ತಿಳಿಯುತ್ತಿಲ್ಲ.

ಆಟೋ ನಗರದ ವರ್ಕ್‌ಶಾಪಿನಲ್ಲಿ ಲೇತ್ ಮಶೀನಿಗೆ ನಿನ್ನ ಎಡಗೈಯ ತೋರುಬೆರಳು ಅರ್ಧ ಹೋಯಿತಲ್ಲ, ಆಗ ನಾನು ಆರನೇ ಇಯತ್ತೆ. ಗಾಯ ಮಾಯ್ದ ಮೇಲೂ ನೀನು ಆ ಮೋಟು ಬೆರಳನ್ನು ಬಲಗೈಯಲ್ಲಿ ಮುಚ್ಚಿಕೊಂಡು ಕೂಡುತ್ತಿದ್ದೆ. “ಹೋದ ತುದೀನ ಉರೀತೈತಿ. ಉಗುರಾಗ ಸೂಜಿ ಚುಚ್ಚಿದಂಗ ಆಗತೈತಿ” ಅನ್ನುತ್ತಿದ್ದೆ. ಡಾಕ್ಟರು ಮನಸ್ಸಿನ ಭ್ರಮೆ ಅಂದರು. ಅವ್ವನಿಗೂ ನಂಬಿಕೆ ಬರಲಿಲ್ಲ. “ಇಲ್ಲದ ಬೆರಳು ಹೆಂಗ ನೋಯ್ತೈತ್ರಿ? ಕೆಲಸ ಬ್ಯಾಸರಾಗೇತಿ ಅಂತ ಹೇಳ್ರಿ” ಅಂದಳು. ಅಂದಿನಿಂದ ನೀನು ನೋವಿನ ಮಾತನ್ನೇ ಎತ್ತಲಿಲ್ಲ. ನೋವು ಹೋಗಿರಬೇಕು ಅಂತ ನಾವೂ ಅಂದುಕೊಂಡೆವು.

ನೀನು ದೇಹದಾನಕ್ಕೆ ಸಹಿ ಮಾಡಿ ಬಂದ ದಿನ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಸತ್ತವರನ್ನು ಕೂಡಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುವ ಮಂದಿ ನಾವು. “ಮಣ್ಣಿಲ್ದ ಹೋಗ್ತೀರೇನ್ರಿ?” ಅಂತ ಅವ್ವ ಅತ್ತಳು. ನೀನು “ಓದೂ ಹುಡುಗರು ಕಲೀಲಿ” ಅಂದೆ, ಅಷ್ಟೇ. ಬೇರೆ ಏನಾದರೂ ಮನಸ್ಸಿನಲ್ಲಿತ್ತಾ ಅಪ್ಪಾ? ನೀನು ತೀರಿಕೊಂಡ ದಿನ ಮೆಡಿಕಲ್ ಕಾಲೇಜಿನ ಗಾಡಿ ನಿನ್ನನ್ನು ಒಯ್ದ ಮೇಲೆ ಅವ್ವ ಅನಗೋಳದ ನಮ್ಮ ಮನೆಯಲ್ಲಿ ಇರಲಾರದೆ ಖಾನಾಪುರದ ಮಾಮಾನ ಮನೆಗೆ ಹೋದಳು. ಇನ್ನೂ ಅಲ್ಲೇ ಇದ್ದಾಳೆ.

ಆ ಕಾಲೇಜಿನ ಹಳೆಯ ಸಂಗ್ರಹಾಲಯವನ್ನು ಶಾಲೆಗಳಿಗೆ ತೆರೆದಿದ್ದರು. ನಾನು ಕಲಿಸುವ ಒಂಬತ್ತನೆಯ ತರಗತಿಯ ಹುಡುಗಿಯರನ್ನು ಕರೆದುಕೊಂಡು ಹೋಗುವ ಸರದಿ ನನ್ನದೇ ಬಂತು. ಬಾಗಿಲಲ್ಲಿ ಎರಡು ತಲೆಯ ಕರು. ಅದನ್ನು ಕಂಡು ನಕ್ಕ ಹುಡುಗಿಯರು ಗಾಜಿನ ಜಾಡಿಗಳಲ್ಲಿ ಕಣ್ಣು ಮುಚ್ಚಿದ ಕೂಸುಗಳನ್ನು ಕಂಡಾಗ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಅದರ ಮುಂದಿನ ಕಪಾಟಿನ ಜಾಡಿಯಲ್ಲಿ ಒಂದು ಎಡಗೈ. ಚರ್ಮ ಸುಲಿದಿದ್ದರು. ತೋರುಬೆರಳು ಅರ್ಧಕ್ಕೇ ನಿಂತಿತ್ತು. ಕಿರುಬೆರಳು ಒಳಗೆ ಬಾಗಿತ್ತು, ನನ್ನದರ ಹಾಗೇ, ನಿನ್ನದರ ಹಾಗೇ.

ತೋರಿಸುತ್ತಿದ್ದ ಕಾಲೇಜಿನ ವಿದ್ಯಾರ್ಥಿನಿಯನ್ನು “ಇದು ಯಾರದವಾ?” ಅಂದೆ.

“ಹೆಸರು ನಮಗೂ ಹೇಳೂದಿಲ್ರಿ, ಟೀಚರ್. ಇಲ್ಲಿ ನೋಡ್ರಿ, ಬೆರಳು ತುಂಡಾದಲ್ಲಿ ನರ ಬೆಳದು ಗಂಟಾಗೈತಿ. ಇಂಥವರಿಗೆ ಇಲ್ಲದ ಬೆರಳು ನೋಯ್ತೈತಿ. ಭ್ರಮೆ ಅಲ್ರಿ, ಖರೇನ ನೋಯ್ತೈತಿ.”

“ಎಷ್ಟ ದಿನ?”

“ಕೆಲವರಿಗೆ ಸಾಯೂತನಕ.”

ಅವಳು ಹುಡುಗಿಯರನ್ನು ಮುಂದಕ್ಕೆ ಕರೆದೊಯ್ದಳು. ನಾನು ಅಲ್ಲೇ ನಿಂತೆ. ನಿನ್ನ ಕೈ ಸಿಕ್ಕಿತೆಂದು ಸಮಾಧಾನ ಪಡಬೇಕಿತ್ತೋ, ಅದನ್ನು ಜಾಡಿಯಲ್ಲಿ ನೋಡಬೇಕಾಯಿತೆಂದು...

ಅವ್ವನಿಗೆ ಹೇಳಬೇಕೋ ಬೇಡವೋ ಅಂತ ಖಾನಾಪುರದ ಬಸ್ಸಿನಲ್ಲಿ ಕೂತಾಗಲೂ ನಿಶ್ಚಯವಾಗಿರಲಿಲ್ಲ. ಹಿತ್ತಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಹೇಳಿಬಿಟ್ಟೆ. ಅವಳ ಕೈ ನಿಂತಿತು.

“ಆ ಗಂಟು ಎಷ್ಟ ದೊಡ್ಡದೈತಿ?”

“ಜೋಳದ ಕಾಳಿನಷ್ಟು.”

ಮಾಮಾ ಒಳಗಿಂದ ಮರಾಠಿಯಲ್ಲಿ ಚಹಕ್ಕೆ ಕರೆದರೂ ಓಗೊಡಲಿಲ್ಲ. ಆಮೇಲೆ ಮೊರದ ಕಡೆ ನೋಡುತ್ತಲೇ ಅಂದಳು: “ನಿಮ್ಮಪ್ಪ ಯಾವಾಗ್ಲೂ ಗ್ವಾಡಿ ಕಡೆ ಹೊಳ್ಳಿ ಮಲಗತಿದ್ರು. ಕೈ ಎದಿಗೆ ಒತ್ತಿಕೊಂಡು. ನನ್ನ ಮ್ಯಾಲಿನ ಸಿಟ್ಟಿಗೆ ಮಾರಿ ತಿರುಗಿಸ್ತಾರ ಅಂತ ತಿಳಕೊಂಡಿದ್ದೆ. ನಾನೂ ಈ ಕಡೆ ಹೊಳ್ಳಿ ಮಲಗತಿದ್ದೆ.”

ಇಷ್ಟು ವರ್ಷ, ಅಪ್ಪಾ. ಅವ್ವ ಹಾಗೆ ತಿಳಿದಿದ್ದಳೆಂದು ನಿನಗಾದರೂ ಗೊತ್ತಿತ್ತಾ?

ನಾನು ಹೊರಟಾಗ ಬಾಗಿಲತನಕ ಬಂದು ನನ್ನ ಸೆರಗು ಹಿಡಿದಳು. “ನನ್ನ ಒಮ್ಮೆ ಅಲ್ಲಿ ಕರಕೊಂಡ ಹೋಗು. ಅವರಿಗೆ ಒಂದ ಮಾತು ಹೇಳೂದೈತಿ.” ಏನೆಂದು ನಾನು ಕೇಳಲಿಲ್ಲ.

ಬರುವ ಸೋಮವಾರ ಕರೆತರುತ್ತೇನೆ. ಅವಳನ್ನು ನಿನ್ನ ಮುಂದೆ ಬಿಟ್ಟು ನಾನು ಹೊರಗೆ ನಿಲ್ಲುತ್ತೇನೆ.

ನಿನ್ನ ಮಗಳು